ಟೂರ್ನಮೆಂಟ್‌ಗೆ ಎರಡು ವಾರ ಇದೆಯಾ? ಹೊಸ ಓಪನಿಂಗ್ ಮುಟ್ಟಬೇಡಿ

ಚೆಸ್ ಟೂರ್ನಮೆಂಟಿಗೆ ಹೆಸರು ಕೊಟ್ಟ ತಕ್ಷಣ ಮುಕ್ಕಾಲು ಜನ ಮಾಡುವ ಕೆಲಸ ಒಂದೇ, ಹೊಸ ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ ಸಿದ್ಧ ಕ್ರಮ, ಕಲಿಯಲು ಕೂರುವುದು. ದಯವಿಟ್ಟು ಬೇಡ. ನಮ್ಮ ಮಟ್ಟದಲ್ಲಿ ಎದುರಾಳಿ ಐದಾರನೇ ನಡೆಗೇ ಎಲ್ಲೂ ಇಲ್ಲದ್ದನ್ನು ಆಡಿಬಿಡುತ್ತಾರೆ, ಬಾಯಿಪಾಠ ಮಾಡಿದ್ದೆಲ್ಲ ನೀರಲ್ಲಿ ಹೋಮ. ಬಿಳಿಗೆ ಒಂದು, ಕಪ್ಪಿಗೆ ಎರಡು, ಈಗಾಗಲೇ ಆಡುತ್ತಿರುವುದನ್ನೇ ಇಟ್ಟುಕೊಳ್ಳಿ.

ಉಳಿದ ಸಮಯವನ್ನು ನೀವು ಸೋತ ಆಟಗಳ ಮೇಲೆ ಹಾಕಿ. ಈಚಿನ ಹತ್ತು ಆಟ ತೆಗೆಯಿರಿ. ಎಂಜಿನ್ (ನಡೆಗಳನ್ನು ಪರೀಕ್ಷಿಸುವ ಕಂಪ್ಯೂಟರ್ ಪ್ರೋಗ್ರಾಂ) ಆಮೇಲೆ. ಮೊದಲು ಬೋರ್ಡ್ ಮೇಲೆ ಕಾಯಿ ಇಟ್ಟು, ಆಟ ಎಲ್ಲಿ ಕೈತಪ್ಪಿತು ಅಂತ ನೀವೇ ಹುಡುಕಿ, ಆ ನಡೆಯ ಪಕ್ಕದಲ್ಲಿ ಕಾರಣ ಬರೆಯಿರಿ: ಚೆಕ್ ಕಾಣಲಿಲ್ಲ, ಟೈಮ್ ಇರಲಿಲ್ಲ, ಗೆಲ್ತಿದ್ದೀನಿ ಅಂತ ಆತುರಪಟ್ಟೆ. ಎಂಜಿನ್ ತಪ್ಪನ್ನು ತೋರಿಸುತ್ತದೆ, ಆ ತಪ್ಪು ಯಾಕಾಯಿತು ಅನ್ನೋದು ನಿಮಗೇ ಗೊತ್ತಿರಬೇಕು ಅಲ್ವಾ? ಸಾಮಾನ್ಯವಾಗಿ ಒಂದೆರಡು ಕಾರಣಗಳೇ ಮತ್ತೆ ಮತ್ತೆ ಬರುತ್ತವೆ. ಎರಡು ವಾರದಲ್ಲಿ ರಿಪೇರಿ ಮಾಡಬೇಕಾದ್ದು ಅವನ್ನೇ.

ದಿನಕ್ಕೆ ಅರ್ಧ ಗಂಟೆ ಪಜಲ್ ಬಿಡಿಸಿ, ಆದರೆ ಪೂರ್ತಿ ಲೆಕ್ಕ ಹಾಕುವವರೆಗೆ ಕಾಯಿ ಸರಿಸಬೇಡಿ. ಸುಮ್ನೆ ಒತ್ತಿ ನೋಡುವ ಚಟ ಟೂರ್ನಮೆಂಟಲ್ಲಿ ಪಾಯಿಂಟ್ ತಿನ್ನುತ್ತದೆ.

ಎಂಡ್‌ಗೇಮಲ್ಲಿ, ಅಂದರೆ ಕೆಲವೇ ಕಾಯಿ ಉಳಿದಾಗ, ರಾಜ ಮತ್ತು ಪಾನ್ (ಕಾಲಾಳು) ಆಟ ಗೊತ್ತಿದ್ದರೆ ಸದ್ಯಕ್ಕೆ ಸಾಕು. ಬಿಳಿ ರಾಜ ಇ5ರಲ್ಲಿ (ಇ ಕಂಬಸಾಲಿನ ಐದನೇ ಮನೆ), ಅದರ ಹಿಂದೆ ಇ4ರಲ್ಲಿ ಪಾನ್, ಕಪ್ಪು ರಾಜ ಇ7ರಲ್ಲಿ ಇಡಿ. ಸರದಿ ಕಪ್ಪಿನದಾದರೆ ಬಿಳಿ ಗೆಲ್ಲುತ್ತದೆ, ಬಿಳಿಯದಾದರೆ ಡ್ರಾ. ಅದನ್ನೇ ಒಂದು ಸಾಲು ಮೇಲೆ ತಳ್ಳಿ, ಅಂದರೆ ಇ6, ಇ5, ಇ8. ಈಗ ಸರದಿ ಯಾರದಾದರೂ ಬಿಳಿಗೇ ಗೆಲುವು. ಎರಡೂ ಕಡೆಯಿಂದ ಆಡಿ ನೋಡಿ, ಯಾಕೆ ಅಂತ ಕೈಗೇ ಗೊತ್ತಾಗುತ್ತದೆ.

ಫೋನಲ್ಲೇ ಆಡುವವರಿಗೆ ಇನ್ನೊಂದು ಮಾತು. ನಿಜವಾದ ಬೋರ್ಡ್ ಮೇಲೆ ಮೂಲೆಯಲ್ಲಿ ಕೂತ ಒಂಟೆ (ಬಿಷಪ್) ಕಣ್ಣಿಗೇ ಬೀಳುವುದಿಲ್ಲ. ಟೂರ್ನಮೆಂಟ್ ಒಬ್ಬೊಬ್ಬರಿಗೆ 90 ನಿಮಿಷ, ಜೊತೆಗೆ ನಡೆಗೆ 30 ಸೆಕೆಂಡ್ ಅಂತಿದ್ದರೆ ಅದೇ ಟೈಮಲ್ಲಿ, ಕ್ಲಾಕ್ ಇಟ್ಟು, ನಡೆಗಳನ್ನು ಬರೆಯುತ್ತಾ ಕೆಲವು ಆಟ ಆಡಿ. ಮೊದಲು ಆಡಬೇಕು, ಆಮೇಲೆ ಬರೆಯಬೇಕು. ಕಾಯಿ ಸರಿಸಿದ ಕೈಯಲ್ಲೇ ಕ್ಲಾಕ್ ಒತ್ತಬೇಕು.

ನಿಯಮ ಗೊತ್ತಿಲ್ಲದೆ ಪಾಯಿಂಟ್ ಕಳೆದುಕೊಳ್ಳುವಷ್ಟು ಹೊಟ್ಟೆ ಉರಿಸುವ ವಿಷಯ ಬೇರೆ ಇಲ್ಲ. ಆಡಬೇಕು ಅಂತ ಮುಟ್ಟಿದ ಕಾಯಿಯನ್ನೇ ಆಡಬೇಕು, ಇದು ಎಲ್ಲರಿಗೂ ಗೊತ್ತು. ಕ್ಯಾಸ್ಲಿಂಗಲ್ಲಿ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮೊದಲು ರಾಜನನ್ನೇ ಮುಟ್ಟಬೇಕು, ಆನೆಯನ್ನು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆ ಕ್ಯಾಸ್ಲಿಂಗ್ ಇಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮದ ಪ್ರಕಾರ ಕ್ಲಾಸಿಕಲ್ (ದೀರ್ಘ ಅವಧಿಯ) ಆಟದಲ್ಲಿ ಮೊದಲ ಸಲ ನಿಯಮಕ್ಕೆ ವಿರುದ್ಧವಾದ ನಡೆ ಆಡಿದರೆ ಎದುರಾಳಿಗೆ ಎರಡು ನಿಮಿಷ ಸಿಗುತ್ತದೆ, ಎರಡನೇ ಸಲಕ್ಕೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ.

ಅತಿ ಜಾಸ್ತಿ ಗೊಂದಲ ಆಗುವುದು ಒಂದೇ ಸ್ಥಾನ ಮೂರು ಸಲ ಬಂದಾಗ. ಅದು ತಾನಾಗಿ ಡ್ರಾ ಆಗುವುದಿಲ್ಲ, ನೀವು ಕೇಳಬೇಕು. ನಿಮ್ಮ ನಡೆಯಿಂದ ಮೂರನೇ ಸಲ ಬರುವುದಿದ್ದರೆ ಆ ನಡೆಯನ್ನು ಶೀಟ್ ಮೇಲೆ ಬರೆಯಿರಿ, ಬೋರ್ಡ್ ಮೇಲೆ ಆಡಬೇಡಿ, ಕ್ಲಾಕ್ ನಿಲ್ಲಿಸಿ ಆರ್ಬಿಟರನ್ನು (ತೀರ್ಪುಗಾರರನ್ನು) ಕರೆಯಿರಿ. ಆಡದೆ ಬರೆಯಲು ಅನುಮತಿ ಇರುವುದು ಇಂಥ ಡ್ರಾ ಕೇಳುವಾಗ. ಆಡಿ ಕ್ಲಾಕ್ ಒತ್ತಿದಿರೋ, ಅವಕಾಶ ಕೈತಪ್ಪಿತು.

ಹಿಂದಿನ ರಾತ್ರಿ ಬ್ಲಿಟ್ಜ್ (ಕೆಲವೇ ನಿಮಿಷದ ವೇಗದ ಆಟ) ಆಡದೆ ಮಲಗಿ. ಒಂದು ರೌಂಡ್ ಸೋತರೆ ಮುಂದಿನದು ಮುಗಿಯುವವರೆಗೆ ಆ ಆಟ ಬಿಚ್ಚಬೇಡಿ. ಸ್ವಿಸ್ ಪದ್ಧತಿಯಲ್ಲಿ ಸೋತವರಿಗೆ ಹೆಚ್ಚು ಕಡಿಮೆ ಅಷ್ಟೇ ಪಾಯಿಂಟ್ ಇರುವವರೇ ಸಿಗುತ್ತಾರೆ, ಹಾಗಾಗಿ ಒಂದು ಸೋಲಿಗೆ ಟೂರ್ನಮೆಂಟ್ ಮುಗಿಯುವುದಿಲ್ಲ. ಎಷ್ಟು ತಡವಾದರೆ ಆಟ ಹೋಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ, ಕೆಲವು ಕಡೆ ಒಂದು ನಿಮಿಷದ ವಿನಾಯಿತಿಯೂ ಇರುವುದಿಲ್ಲ. ಫೋನನ್ನು ಸೈಲೆಂಟ್ ಮಾಡಿ ಜೇಬಲ್ಲಿಟ್ಟುಕೊಂಡರೆ ಸಾಲದು, ಹಾಲ್ ಒಳಗೆ ತರಲೇಬೇಡಿ.