ಕರಗದ ಔಷಧವನ್ನು ಮೂಗಿನ ದಾರಿಯಲ್ಲಿ ಮಿದುಳಿಗೆ: ನನ್ನ ಅನುಭವ

ನಮ್ಮ ತೋಟದ ಲೈನ್‌ಮನೆ ಹುಡುಗನಿಗೆ ಫಿಟ್ಸ್ ಬಂದಾಗ ಅವನನ್ನು ಮಗ್ಗುಲಿಗೆ ಹೊರಳಿಸಿ ಪಕ್ಕದಲ್ಲೇ ಕೂತಿದ್ದೆ. ಅಂಥ ಹೊತ್ತಲ್ಲಿ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಎಂ.ಫಾರ್ಮ್ ಪ್ರಾಜೆಕ್ಟಿಗೆ ಫಿಟ್ಸ್ ತಡೆಯುವ ಕಾರ್ಬಮಝೆಪಿನ್ ಔಷಧವನ್ನು ಮೂಗಿನ ದಾರಿಯಲ್ಲಿ ಕೊಡೋದನ್ನು ಆರಿಸಿಕೊಂಡಿದ್ದು ಅದಕ್ಕೇ.

ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಗಳಿವೆ, ಅವು ನೇರ ಮಿದುಳಿಗೆ ಹೋಗುತ್ತವೆ. ಆದರೆ ಒಂದು ಹೊಳ್ಳೆಗೆ ಹಿಡಿಸೋದು ಹೆಚ್ಚುಕಡಿಮೆ 0.1 ಮಿ.ಲೀ., ಅಂದರೆ ಎರಡು ಹನಿ. ಈ ಔಷಧವೋ ನೀರಲ್ಲಿ ಕರಗೋದೇ ಕಷ್ಟ. ಹಾಗಾಗಿ ಅದನ್ನು ಕೊಬ್ಬಿನ ನ್ಯಾನೋ ಕಣಗಳೊಳಗೆ ಸೇರಿಸಬೇಕಿತ್ತು.

ಗ್ಲಿಸರಿಲ್ ಮೊನೊಸ್ಟಿಯರೇಟ್ ಅನ್ನೋ ಗಟ್ಟಿ ಕೊಬ್ಬನ್ನು 75 ಡಿಗ್ರಿಗೆ ಕರಗಿಸಿ, ಅದರಲ್ಲಿ ಔಷಧ ಬೆರೆಸಿ, ಟ್ವೀನ್ 80 (ಕೊಬ್ಬು ನೀರಲ್ಲಿ ಬೆರೆಯಲು ನೆರವಾಗುವ ವಸ್ತು) ಹಾಕಿದ, ಅಷ್ಟೇ ಬಿಸಿಯಿದ್ದ ನೀರಿಗೆ ಸುರಿದು ಪ್ರೋಬ್ ಸೋನಿಕೇಟರ್ (ಶಬ್ದದ ಅಲೆಗಳಿಂದ ಹನಿಗಳನ್ನು ಒಡೆಯುವ ಸಾಧನ) ಹಿಡಿಯಬೇಕು. ಕಕ್ಕಡ ತಿಂಗಳು, ಮಡಿಕೇರಿಯ ಚಳಿ. ಹಾಟ್‌ಪ್ಲೇಟಿನಿಂದ ಸೋನಿಕೇಟರಿಗೆ ಐದು ಹೆಜ್ಜೆ ನಡೆಯುವಷ್ಟರಲ್ಲಿ ಬೀಕರಿನ ಅಂಚಿಗೆಲ್ಲ ತುಪ್ಪದ ಹಾಗೆ ಬಿಳಿ ಗಂಟು! ಆಮೇಲೆ ಬೀಕರನ್ನು ಬಿಸಿನೀರಿನಲ್ಲೇ ಇಟ್ಟೆ, ಪ್ರೋಬನ್ನೂ ಬಿಸಿನೀರಲ್ಲಿ ಅದ್ದಿ ತೆಗೆದೆ. ಆಗ ತೆಳು ಹಾಲಿನಂತಾಯಿತು, ಬೆಳಕಿಗೆ ಹಿಡಿದರೆ ಅಂಚಲ್ಲಿ ತುಸು ನೀಲಿ. ಕಣ ಸಣ್ಣದಾಗಿದೆ ಅನ್ನೋದಕ್ಕೆ ನಾನು ಮೊದಲು ನೋಡೋದೇ ಆ ನೀಲಿಯನ್ನು.

ಖುಷಿ ಹನ್ನೆರಡೇ ದಿನ. ಸೀಸೆಯ ತಳದಲ್ಲಿ ಸೂಜಿಯಂಥ ಹರಳುಗಳು ಕಂಡವು. ತಣ್ಣಗಾದ ಕೊಬ್ಬು ದಿನ ಕಳೆದಂತೆ ಒತ್ತೊತ್ತಾಗಿ ಸಾಲು ಕಟ್ಟುತ್ತದೆ, ಒಳಗಿದ್ದ ಔಷಧಕ್ಕೆ ಜಾಗ ಸಾಲದೆ ಹೊರಗೆ ಬರುತ್ತದೆ. ಹತ್ತು ಪಾಲು ಕೊಬ್ಬಲ್ಲಿ ಮೂರು ಪಾಲು ಒಲಿಯಿಕ್ ಆಸಿಡ್ ಹಾಕಿದೆ. ಅದು ದ್ರವ ಅಲ್ವಾ, ಸಾಲು ಅಷ್ಟು ಬಿಗಿಯಾಗಿ ಕೂರಲು ಬಿಡುವುದಿಲ್ಲ. ಮೂರು ತಿಂಗಳಾದರೂ ಹರಳು ಬರಲಿಲ್ಲ. ಸ್ಯಾಂಪಲನ್ನು ಮೈಸೂರಿಗೆ ಒಯ್ದು ಅಳೆಸಿದೆ, ಸರಾಸರಿ 140 ನ್ಯಾನೋಮೀಟರ್.

ಆಮೇಲೆ ಔಷಧ ಮೂಗಿನ ಪೊರೆ ದಾಟುತ್ತದಾ ಅಂತ ನೋಡಲು ಕುರಿ ಮೂಗಿನ ಒಳಪೊರೆ ಬೇಕಾಯಿತು. ಬೆಳಗ್ಗೆ ಮಟನ್ ಅಂಗಡಿಗೆ ಹೋಗಿ, "ಅಣ್ಣಾ, ತಲೆ ಸುಡಬೇಡಿ, ಹಾಗೇ ಕೊಡಿ" ಅಂದೆ. ಸುಟ್ಟರೆ ಪೊರೆ ಹಾಳು. ತಣ್ಣಗಿನ ಬಫರಿನಲ್ಲಿಟ್ಟು ತಂದು ಬಿಡಿಸುವಾಗ ಮೊದಲ ಎರಡು ಹರಿದೇಹೋದವು, ಮೂರನೆಯದು ಪೂರ್ತಿ ಬಂತು. ಫ್ರಾಂಜ್ ಸೆಲ್‌ನಲ್ಲಿ (ಪೊರೆಯ ಮೂಲಕ ಎಷ್ಟು ಔಷಧ ದಾಟುತ್ತದೆ ಅಂತ ಅಳೆಯುವ ಗಾಜಿನ ಸಾಧನ) ಕಟ್ಟಿ ನೋಡಿದರೆ, ಸುಮ್ನೆ ನೀರಲ್ಲಿ ಕದಡಿದ ಔಷಧಕ್ಕಿಂತ ಕಣಗಳಲ್ಲಿದ್ದದ್ದು ಜಾಸ್ತಿ ದಾಟಿತ್ತು. ಪೊರೆ ದಾಟಿದ ಮಾತ್ರಕ್ಕೆ ಮಿದುಳು ಸೇರಿತು ಅನ್ನೋಕಾಗಲ್ಲ. ಅದನ್ನು ಇಲಿಗಳಲ್ಲೇ ನೋಡಬೇಕು, ಎಥಿಕ್ಸ್ ಕಮಿಟಿಗೆ ಅರ್ಜಿ ಕೊಟ್ಟಿದ್ದೇನೆ. ಹುಡುಗ ಸದ್ಯಕ್ಕೆ ದಿನಾ ಮಾತ್ರೆಯನ್ನೇ ನುಂಗುತ್ತಿದ್ದಾನೆ.