112 ಚೀಲ ಭತ್ತಕ್ಕೆ 112 ರೂಪಾಯಿ

2015ರ ಡಿಸೆಂಬರ್. ಗಂಗಾವತಿಯಲ್ಲಿ ಭತ್ತದ ಸುಗ್ಗಿ. ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯ ಗುಮಾಸ್ತರು ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿದರು.

"ತಮ್ಮಾ, ನೂರಾ ಹನ್ನೆರಡು ಚೀಲಕ್ಕ ನೂರಾ ಹನ್ನೆರಡು ರೂಪಾಯಿ ಬಿಲ್ ಬಂದೈತಿ. ರೈತ ಇಲ್ಲೇ ನಿಂತಾನ. ಭತ್ತ ತಂದಾನೋ ಹೊಟ್ಟು ತಂದಾನೋ, ನೀನ ಬಂದು ಹೇಳು."

ಬಿಲ್ಲಿಂಗ್ ಸಾಫ್ಟ್‌ವೇರ್ ನಾನೇ ಬರೆದದ್ದು, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಮೂರು ವರ್ಷದಿಂದ ತಕರಾರಿಲ್ಲದೆ ಓಡುತ್ತಿತ್ತು. ಬೈಕ್ ಹತ್ತಿ ಹೋಗಿ ನೋಡಿದರೆ ದರದ ಖಾನೆಯಲ್ಲಿ 1,850 ಎಂದಿತ್ತು, ನಡುವೆ ಕಾಮಾ. ನಮ್ಮ ಕಡೆ ಭತ್ತದ ದರ 75 ಕೆ.ಜಿ. ಚೀಲದ ಲೆಕ್ಕ. ಅಲ್ಲಿಯವರೆಗೆ ಬಿಲ್ ಹೊಡೆಯುತ್ತಿದ್ದವನು ಸಾಹುಕಾರರ ಮಗ. ಅವನು ಕಾಮಾ ಗೀಮಾ ಹಾಕುವವನಲ್ಲ. ಅವತ್ತು ಅವನು ಮದುವೆಗೆ ಹೋಗಿದ್ದ, ಗುಮಾಸ್ತರು ಕೂತಿದ್ದರು. ನಲವತ್ತು ವರ್ಷ ಖಾತೆ ಪುಸ್ತಕ ಬರೆದ ಕೈ ಅದು. ಕಾಮಾ ಇಲ್ಲದೆ ಸಾವಿರ ಬರೆಯುವುದಿಲ್ಲ.

ಪಿಎಚ್‌ಪಿ 5.6 ಮಾಡಿದ್ದಿಷ್ಟು: 1 ಓದಿತು, ಕಾಮಾ ಕಂಡಿತು, ಅಲ್ಲಿಗೇ ನಿಲ್ಲಿಸಿತು, ಚೀಲದ ದರ ಒಂದು ರೂಪಾಯಿ ಎಂದು ತಿಳಿದು ಗುಣಿಸಿತು. 2,07,200 ಬರಬೇಕಾದ ಜಾಗದಲ್ಲಿ 112 ಬಂತು. ತಪ್ಪು ಸಂದೇಶ ಇಲ್ಲ, ಲಾಗ್‌ನಲ್ಲಿ ಒಂದು ಸಾಲಿಲ್ಲ. ಮೊತ್ತ ಅಷ್ಟು ನಗೆಪಾಟಲಾಗಿದ್ದಕ್ಕೆ ಸಿಕ್ಕಿತು, ಇಲ್ಲದಿದ್ದರೆ ಯಾರು ನೋಡುತ್ತಿದ್ದರು?

ಪಿಎಚ್‌ಪಿಯನ್ನು ಪ್ರೋಗ್ರಾಮರುಗಳು ಯಾಕೆ ಬೈಯುತ್ತಾರೆ ಎಂದು ಅದರ ನಂತರ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎಲ್ಲದಕ್ಕೂ ಹೂಂ ಅನ್ನುವ ಗುಣ ಅದು. ಏನು ಕೊಟ್ಟರೂ ತಾನೇ ಒಂದು ಅರ್ಥ ಮಾಡಿಕೊಂಡು ಮುಂದೆ ಹೋಗುತ್ತದೆ. ಮನೆಗೆ ಬಂದ ಅಳಿಯ ಹೀಗಿದ್ದರೆ ಒಳ್ಳೆಯದು, ಲೆಕ್ಕ ಬರೆಯುವವನು ಹೀಗಿರಬಾರದು.

ಇನ್ನೊಂದು ಪೆಟ್ಟು ತಿಂದದ್ದು ಸೋನಾ ಭತ್ತದಿಂದ. ದಿನದ ಆವಕದಲ್ಲಿ ಸೋನಾ ಎಂಬ ಹೆಸರಿರುವ ಮಾಲನ್ನೆಲ್ಲ ಬೇರೆ ಪಟ್ಟಿ ಮಾಡಿಕೊಡು ಎಂದರು. ಹೆಸರಿನೊಳಗೆ ಒಂದು ಪದ ಹುಡುಕಲು ಸ್ಟ್ರ್‌ಪಾಸ್ ಎಂಬ ಫಂಕ್ಷನ್, ಅಂದರೆ ಭಾಷೆಯಲ್ಲೇ ಸಿದ್ಧವಿರುವ ಆಜ್ಞೆ, ಇದೆ. 'ಸಿಕ್ಕರೆ ಪಟ್ಟಿಗೆ ಹಾಕು' ಎಂದು ಒಂದೇ ಸಾಲು ಬರೆದೆ. 'ಹಳೆ ಸೋನಾ' ಬಂತು, 'ಸೋನಾ ಮಸೂರಿ' ಮಾತ್ರ ನಾಪತ್ತೆ! ರಾತ್ರಿ ಮೂರು ತಾಸು ಡೇಟಾಬೇಸನ್ನೇ ಅನುಮಾನಿಸುತ್ತ ಕೂತೆ. ಸ್ಟ್ರ್‌ಪಾಸ್ ಹೇಳುವುದು ಪದ ಎಷ್ಟನೇ ಜಾಗದಲ್ಲಿ ಸಿಕ್ಕಿತು ಎಂಬುದನ್ನು. ಮೊದಲಿಗೇ ಸಿಕ್ಕರೆ ಉತ್ತರ ಸೊನ್ನೆ. ಸಿಗದೇ ಹೋದರೆ ಉತ್ತರ 'ಸುಳ್ಳು'. ಈ ಭಾಷೆಯಲ್ಲಿ ಷರತ್ತು ನೋಡುವ ಇಫ್‌ಗೆ ಸೊನ್ನೆಯೂ ಸುಳ್ಳೇ. ಹಾಗಾಗಿ ಸೋನಾ ಎಂದೇ ಶುರುವಾಗುವ ಹೆಸರೆಲ್ಲ ಸಿಕ್ಕೂ ಸಿಗದಂತಾಯಿತು. ಬೆಲೆ ಹೊಂದಿದರೆ ಸಾಕೆನ್ನುವ ಎರಡು ಸಮ ಚಿಹ್ನೆಯ == ಅನ್ನು ಕೈಬಿಟ್ಟು, ಜಾತಿಯೂ ಒಂದೇ ಇರಬೇಕೆನ್ನುವ ಮೂರರ === ಬಳಸುವುದು, ಸುಳ್ಳನ್ನು !== ಹಾಕಿ ನೇರವಾಗಿ ಪರೀಕ್ಷಿಸುವುದು ಆವತ್ತಿನಿಂದ ನನ್ನ ಕೈಗೆ ಕೂತಿತು. ಎರಡರ ಚಿಹ್ನೆಯನ್ನು ನಂಬಿದರೆ ಲಾಟ್ ನಂಬರ್ '1ಇ2' ಇಂಗ್ಲಿಷ್ ಅಕ್ಷರದಲ್ಲಿದ್ದರೆ ಅದೂ '100'ರ ಲಾಟೂ ಒಂದೇ ಆಗಿಬಿಡುತ್ತವೆ, ಇವತ್ತಿಗೂ. ಒಂದರ ಮುಂದೆ ಎರಡು ಸೊನ್ನೆ ಎಂದು ಅದು ಓದಿಕೊಳ್ಳುತ್ತದೆ.

ಅದೇ ರಾತ್ರಿ ಇನ್ನೊಂದು ವಿಚಿತ್ರ ಕಂಡಿತು. 'ಹಳೆ ಸೋನಾ'ದಲ್ಲಿ ಸೋನಾ ಇರುವ ಜಾಗ 10 ಎಂದು ತೋರಿಸಿತು. ಹ, ಳ, ಎತ್ವ, ಒಂದು ಖಾಲಿ ಜಾಗ: ಹೇಗೆ ಎಣಿಸಿದರೂ ನಾಲ್ಕು ತಾನೆ? ಕಂಪ್ಯೂಟರ್ ಅಕ್ಷರಗಳನ್ನು ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ ಮೂರು ಬೈಟ್. ಪಿಎಚ್‌ಪಿಯ ಮೂಲ ಫಂಕ್ಷನ್‌ಗಳು ಎಣಿಸುವುದು ಬೈಟುಗಳನ್ನು. ಮೂರು ಮೂರಲಿ ಒಂಬತ್ತು, ಖಾಲಿ ಜಾಗದ್ದೊಂದು, ಹತ್ತು.

ಬಿಲ್ಲಿನಲ್ಲಿ ಊರಿನ ಹೆಸರಿಗೆ ಇಪ್ಪತ್ತರ ಮಿತಿ ಇಟ್ಟಿದ್ದೆ. ಕಾರಟಗಿ ಹದಿನೆಂಟು ಬೈಟ್, ಪಾರಾಯಿತು. ಸಿದ್ದಾಪುರ ಇಪ್ಪತ್ತೇಳು. 'ಸಿದ್ದಾ' ಆದಮೇಲೆ 'ಪ'ದ ಮೂರು ಬೈಟಿನಲ್ಲಿ ಎರಡು ಉಳಿದು, ಕರಿ ಚೌಕದೊಳಗೊಂದು ಪ್ರಶ್ನಾರ್ಥಕ ಅಚ್ಚಾಗುತ್ತಿತ್ತು. ಎಂಬಿ ಎಂದು ಶುರುವಾಗುವ ಇನ್ನೊಂದು ಜಾತಿಯ ಫಂಕ್ಷನ್‌ಗಳಿವೆ, ಅವು ಬೈಟ್ ಬಿಟ್ಟು ಅಕ್ಷರ ಎಣಿಸುತ್ತವೆ. ಅವನ್ನು ಹಾಕಿದೆ, ಪ್ರಶ್ನಾರ್ಥಕ ಹೋಯಿತು. ಆದರೆ ಅವಕ್ಕೆ ಒತ್ತಕ್ಷರ ಗೊತ್ತಿಲ್ಲ. ನಾಲ್ಕಕ್ಕೆ ಕತ್ತರಿಸು ಎಂದರೆ 'ಸಿದ್' ಎಂದು ತುಂಡು ಮಾಡಿ ಕೈಗೆ ಕೊಡುತ್ತವೆ. ಕೊನೆಗೆ ಕತ್ತರಿಸುವುದನ್ನೇ ಬಿಟ್ಟೆ. ಹೆಸರು ಉದ್ದವಾದರೆ ಕೆಳಗಿನ ಸಾಲಿಗೆ ಇಳಿಯಲಿ, ಕಾಗದ ಒಂದಿಂಚು ಹೆಚ್ಚು ಹೋಗಲಿ.

ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೇ ಲೆಕ್ಕ ಕೊಡುವ ಯುನಿಕೋಡನ್ನು ಭಾಷೆಯ ಹೊಟ್ಟೆಯೊಳಗೇ ತರುವ ಕೆಲಸ ಪಿಎಚ್‌ಪಿ 6ರ ಹೆಸರಿನಲ್ಲಿ ನಡೆದಿತ್ತು. 2010ರಲ್ಲಿ ಅದನ್ನು ಕೈಬಿಟ್ಟರು. 5ರ ನಂತರ ನೇರವಾಗಿ 7 ಬಂತು. ಆ ಕೆಲಸ ಮುಗಿದಿದ್ದರೆ ಸಿದ್ದಾಪುರದವರಿಗೆ ಪ್ರಶ್ನಾರ್ಥಕ ಅಚ್ಚಾಗುತ್ತಿರಲಿಲ್ಲವೇನೋ.

ಅಕ್ಕನ ಮಗ ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ದೀಪಾವಳಿಗೆ ಬಂದವನು ನನ್ನ ಸ್ಕ್ರೀನ್ ನೋಡಿ, "ಮಾಮಾ, ಪಿಎಚ್‌ಪಿನಾ? ಅದು ಸತ್ತಿಲ್ಲೇನು?" ಅಂದ. ನೀನು ಪ್ರಾಜೆಕ್ಟ್ ರಿಪೋರ್ಟಿಗೆ ನಕಲು ಹೊಡೆಯುವ ವಿಕಿಪೀಡಿಯ ಓಡುವುದು ಇದರಲ್ಲೇ ಅಂದೆ. ಆದರೂ ಅವನ ಮುಂದಿನ ಪ್ರಶ್ನೆಗೆ ಉತ್ತರವಿರಲಿಲ್ಲ: ಸ್ಟ್ರ್‌ಪಾಸ್‌ನಲ್ಲಿ ಹುಡುಕುವ ಜಾಗ ಮೊದಲು, ಹುಡುಕುವ ವಸ್ತು ಆಮೇಲೆ, ಪಟ್ಟಿಯೊಳಗೆ ಹುಡುಕುವ ಇನ್-ಅರೇಯಲ್ಲಿ ಅದೇ ತಿರುವುಮುರುವು. ಯಾಕೆ? ಹದಿಮೂರು ವರ್ಷ ಬರೆದರೂ ನಾನು ಪ್ರತಿ ಸಲ ಮ್ಯಾನುವಲ್ ತೆಗೆಯುತ್ತೇನೆ.

ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿಯನ್ನು 1994ರಲ್ಲಿ ಶುರು ಮಾಡಿದ್ದು ತಮ್ಮ ಬಯೋಡೇಟಾದ ಪುಟಕ್ಕೆ ಯಾರು ಬಂದರು ಎಂದು ತಿಳಿಯಲು. ಭಾಷೆ ಕಟ್ಟಬೇಕೆಂದು ಹೊರಟವರಲ್ಲ. ಆರಂಭದ ದಿನಗಳಲ್ಲಿ ಫಂಕ್ಷನ್ ಹುಡುಕಲು ಹೆಸರಿನ ಉದ್ದವನ್ನೇ ಹ್ಯಾಶ್, ಅಂದರೆ ಹುಡುಕುವ ಗುರುತು, ಮಾಡಿಕೊಂಡಿದ್ದರಂತೆ. ಒಂದೇ ಉದ್ದದ ಹೆಸರುಗಳು ಗುಂಪುಗೂಡಬಾರದೆಂದು ಕೆಲವಕ್ಕೆ ಬೇಕಂತಲೇ ಉದ್ದ, ಕೆಲವಕ್ಕೆ ಗಿಡ್ಡ ಹೆಸರಿಟ್ಟರಂತೆ. ಇದನ್ನು ಲೆರ್ಡಾರ್ಫ್ ಅವರೇ ಹೇಳಿಕೊಂಡಿದ್ದಾರೆ. ಅಳಿಯ ಬಿದ್ದು ಬಿದ್ದು ನಕ್ಕ.

ಹಾಗಾದರೆ ಬಿಡಲಿಲ್ಲವೇಕೆ? ಹಣದ ಮಾತು ಮೊದಲನೆಯದು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ದುಡ್ಡು ಕೊಡುವ ಅಂಗಡಿಗಳಿಗೆ ಅಗ್ಗದ ಹೋಸ್ಟಿಂಗ್, ಅಂದರೆ ಸಾಫ್ಟ್‌ವೇರ್ ಇಡಲು ಬಾಡಿಗೆ ಸರ್ವರ್ ಬೇಕು, ಅಲ್ಲಿ ಕೇಳದೆಯೇ ಸಿಗುವುದು ಪಿಎಚ್‌ಪಿ. ಎರಡನೆಯದು ಬೈಯುವವರು ಹೇಳದೇ ಬಿಡುವ ಮಾತು. ಪ್ರತಿ ಪುಟವೂ ಹೊಸದಾಗಿ ಹುಟ್ಟಿ, ಕೆಲಸ ಮುಗಿಸಿ, ಎಲ್ಲ ಮರೆತು ಸಾಯುತ್ತದೆ. ವರದಿಯ ಪುಟ ಕೆಟ್ಟರೆ ಬಿಲ್ಲಿನ ಪುಟ ನಿಲ್ಲುವುದಿಲ್ಲ. ಸುಗ್ಗಿಯ ನಡುವೆ ಕಾರಟಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿನಿಂದ ಒಂದೇ ಒಂದು ಫೈಲ್ ಬದಲಿಸಿ ಏರಿಸಿದ್ದೇನೆ. ಅಂಗಡಿಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ಪಿಎಚ್‌ಪಿ 5.6ಕ್ಕೆ ಬೆಂಬಲ 2018ರ ಕೊನೆಗೆ ನಿಂತಿತು. ಹೋಸ್ಟಿಂಗ್‌ನವರು 7ಕ್ಕೆ ಹೋಗಲೇಬೇಕೆಂದರು. ಡೇಟಾಬೇಸ್ ಜತೆ ಮಾತಾಡುವ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು 7ರಲ್ಲಿ ಕಿತ್ತೇ ಹಾಕಿದ್ದರು. ನನ್ನ ಕೋಡಿನಲ್ಲಿ ಅವು 340 ಕಡೆ ಇದ್ದವು. ಎಲ್ಲವನ್ನೂ ಅದೇ ಕೆಲಸದ ಹೊಸ ದಾರಿಯಾದ ಪಿಡಿಒಗೆ ತಿರುಗಿಸಲು ಹನ್ನೊಂದು ರಾತ್ರಿ. ಹೇಗೂ ಕೈ ಹಾಕಿದ್ದೇನೆಂದು ಪ್ರತಿ ಫೈಲಿನ ನೆತ್ತಿಗೆ ಸ್ಟ್ರಿಕ್ಟ್ ಟೈಪ್ಸ್ ಸಾಲು ಹಾಕಿದೆ. ಈಗ ಸಂಖ್ಯೆ ಕೇಳುವ ಫಂಕ್ಷನ್ನಿಗೆ ಪಠ್ಯ ಕೊಟ್ಟರೆ ಅದು ಅಲ್ಲೇ ನಿಲ್ಲುತ್ತದೆ. ದುಡ್ಡನ್ನೆಲ್ಲ ಪೈಸೆಯಲ್ಲಿ, ಪೂರ್ಣಾಂಕವಾಗಿ ಇಟ್ಟೆ. ದಶಮಾಂಶದ ತೊಂದರೆ ಪಿಎಚ್‌ಪಿಯದಲ್ಲ, ಜಾವಾಸ್ಕ್ರಿಪ್ಟ್, ಪೈಥಾನ್‌ನಲ್ಲೂ 0.1, 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ದರದ ಖಾನೆ ಕಾಮಾವನ್ನು ತಾನೇ ತೆಗೆದುಹಾಕುತ್ತದೆ. ಅದಾದ ಮೇಲೂ ಅಂಕಿ, ಒಂದು ಚುಕ್ಕೆ ಬಿಟ್ಟು ಬೇರೇನಿದ್ದರೂ ಕೆಂಪಾಗಿ ನಿಲ್ಲುತ್ತದೆ.

ಹೊಸದು ಹಾಕಿ ವಾರವಾಗಿತ್ತು. ಗುಮಾಸ್ತರ ಫೋನ್ ಬಂತು. ದರದ ಮುಂದೆ ವಾಡಿಕೆಯಂತೆ ಗೀಟು ಹಾಕಿ 1,850/- ಎಂದು ಹೊಡೆದಿದ್ದರು.

"ತಮ್ಮಾ, ನಿನ್ನ ಸಾಫ್ಟ್‌ವೇರಿಗೆ ಬಾಳ ಸೊಕ್ಕು ಬಂದೈತಿ. ಮೊದ್ಲು ಏನ್ ಹೊಡದ್ರೂ ಸುಮ್ನ ತಗೊಂತಿತ್ತು. ಆ ಹಳೇದನ್ನ ಹಾಕಿಕೊಡು."