ಗೋಡೌನ್ ಒಳಗೇ ಹಾದು ಹೋದ ಗಡಿ

ನಮ್ದು ಸಕಲೇಶಪುರ ತಾಲೂಕು, ಐದೂವರೆ ಎಕರೆ ಕಾಫಿ ತೋಟ. ಮನೆ ಹಿಂದ್ಗಡೆ ಅಪ್ಪ 2009ರಲ್ಲಿ ಕಟ್ಸಿದ್ದ ಒಂದು ಗೋಡೌನು ಇತ್ತು, 28 ಅಡಿ ಉದ್ದ 16 ಅಡಿ ಅಗಲ, ಸೈಜುಗಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. ಕಾಫಿ ಚೀಲ, ಗೊಬ್ಬರ, ಸ್ಪ್ರೇಯರ್, ಮುರಿದ ಸೈಕಲ್ಲು ಎಲ್ಲ ಅದ್ರಲ್ಲೇ. 2023ರ ನವೆಂಬರ್‌ನಲ್ಲಿ ಪಕ್ಕದ ತೋಟದ ಗೌಡ್ರ ಮನೇಲಿ ಅಣ್ಣತಮ್ಮಂದ್ರು ಭಾಗ ಆಗೋಕೆ 11ಇ ನಕ್ಷೆಗೆ (ಜಮೀನು ಭಾಗ ಮಾಡೋಕೆ ಮುಂಚೆ ಬೇಕಾಗೋ ಅಳತೆ ನಕ್ಷೆ) ಅರ್ಜಿ ಹಾಕಿದ್ರು, ಸರ್ವೆಯರ್ ಬಂದು ಅಳತೆ ಮಾಡ್ತಾ ಮಾಡ್ತಾ ನಮ್ ಗೋಡೌನ್ ಬಾಗಿಲಿಗೆ ಬಂದು ನಿಂತ್ಕೊಂಡ್ರು. "ಸಾರ್, ಸ್ವಲ್ಪ ಒಳಗ್ ಬರ್ಬೋದಾ" ಅಂದ್ರು. ನಾನು ಕುಡಿಯೋಕೆ ನೀರು ಬೇಕೇನೋ ಅನ್ಕೊಂಡೆ.

ನೀರಲ್ಲ. ಗಡಿ ಗೋಡೌನ್ ಒಳಗೇ ಹೋಗ್ತಿತ್ತು. ಅವ್ರು ಚಾಕ್‌ಪೀಸಲ್ಲಿ ಈ ಗೋಡೆಗೊಂದು ಆ ಗೋಡೆಗೊಂದು ಗೀಟು ಹಾಕಿ ಹೋದ್ರು, ಸಾಯಂಕಾಲ ನಾನು ಎರಡಕ್ಕೂ ದಾರ ಕಟ್ಟಿ ನೆಲದ ಮೇಲೆ ಸುಣ್ಣ ಎಳೆದು ನೋಡ್ದೆ. ಒಂದು ಮೂಲೇಲಿ 11 ಅಡಿ, ಇನ್ನೊಂದು ಮೂಲೇಲಿ 6 ಅಡಿ ಗೌಡ್ರ ಜಾಗದಲ್ಲಿ. ತೂಕದ ತಕ್ಕಡಿ ಸರಿಯಾಗಿ ಗೀಟಿನ ಮೇಲೆ ಕೂತಿತ್ತು. ಲೆಕ್ಕ ಹಾಕಿದ್ರೆ 238 ಚದರಡಿ. ಒಂದು ಗುಂಟೆ ಅಂದ್ರೆ 33ಕ್ಕೆ 33, ಅಂದ್ರೆ 1089 ಚದರಡಿ, ಅದ್ರಲ್ಲಿ 16 ಆಣೆ, ಹಂಗಾಗಿ ನಾವು ತಿಂದಿದ್ದು ಮೂರೂವರೆ ಆಣೆ. ಇಷ್ಟಕ್ಕೆ ಒಂದು ತಿಂಗಳು ನಿದ್ದೆ ಕೆಟ್ಟಿದ್ದು ನಿಜ.

ಮೊದಲು ಮಾಡಿದ ದಡ್ಡ ಕೆಲಸ ಹೇಳ್ತೀನಿ. ರಾತ್ರಿನೇ ದಿಶಾಂಕ್ ಆ್ಯಪ್ ತೆಗೆದು ಗೋಡೌನ್ ಒಳಗೆ ನಿಂತು ನೋಡಿದ್ರೆ ನನ್ನ ಸರ್ವೆ ನಂಬರೇ ತೋರಿಸ್ತು, ಖುಷಿಯಾಗಿ ಬೆಳಿಗ್ಗೆ ಗೌಡ್ರ ಮನೆಗೆ ಹೋಗಿ ಫೋನ್ ತೋರಿಸ್ದೆ. ಅವ್ರ ಮಗ ಅದೇ ಆ್ಯಪನ್ನ ಅವ್ನ ಫೋನಲ್ಲಿ ತೆಗೆದು, ನಮ್ ಗೋಡೌನ್ ಹತ್ರನೇ ಬಂದು ನಿಂತು, ಅವ್ರ ನಂಬರ್ ತೋರಿಸ್ದ. ಯಾವ ಸರ್ವೆ ನಂಬರಲ್ಲಿ ಇದೀವಿ ಅಂತ ಅಂದಾಜು ತಿಳಿಯೋಕೆ ಅದು ಒಳ್ಳೇದೇ, ಆದ್ರೆ ಫೋನಿನ ಜಿಪಿಎಸ್ಸೇ ಮರದ ಕೆಳಗೆ ಹತ್ತಿಪ್ಪತ್ತು ಅಡಿ ಆಕಡೆ ಈಕಡೆ ಆಡುತ್ತೆ, ಅದನ್ನಿಟ್ಕೊಂಡು ಆರಡಿ ಹನ್ನೊಂದಡಿ ಜಗಳ ತೀರ್ಸೋಕಾಗಲ್ಲ.

ಆಮೇಲೆ ನಾಡಕಚೇರೀಲಿ ನನ್ನ ನಂಬರಿಗೇ ಹದ್ದುಬಸ್ತಿಗೆ, ಅಂದ್ರೆ ಗಡಿ ಅಳೆದು ಗುರ್ತು ಮಾಡ್ಕೊಡೋಕೆ, ಅರ್ಜಿ ಹಾಕ್ದೆ. ಗೌಡ್ರ ಮೇಲೆ ಅನುಮಾನ ಅಂತಲ್ಲ, ನನ್ನ ಸಮಾಧಾನಕ್ಕೆ. ಅಕ್ಕಪಕ್ಕದ ಎಲ್ಲರಿಗೂ ನೋಟಿಸ್ ಹೋಯ್ತು, ಈ ಸಲ ಬಂದಿದ್ದು ಬೇರೆ ಸರ್ವೆಯರ್ರು, ಹಳೇ ಟಿಪ್ಪಣಿ (ಹಿಂದಿನ ಸರ್ವೆಯ ಅಳತೆ ದಾಖಲೆ) ನಕಲು ಹಿಡ್ಕೊಂಡು ಬಂದಿದ್ರು. ಅವ್ರು ಬೇಲಿ ಕಡೆ ತಿರುಗೂ ನೋಡ್ಲಿಲ್ಲ. "ಬೇಲಿ ನಿಮ್ದು ಸಾರ್, ಕಲ್ಲು ಸರ್ಕಾರದ್ದು" ಅಂತ ಹೇಳಿ ಮೂರು ಸರ್ವೆ ನಂಬರ್ ಸೇರೋ ಕಡೆ ನೆಟ್ಟಿರೋ ಬಾಂದುಕಲ್ಲು, ಅಂದ್ರೆ ಗಡಿಕಲ್ಲು, ಹುಡುಕೋಕೆ ಶುರು ಮಾಡಿದ್ರು. ಅದು ಸಿಕ್ಕಿದ್ದು ಲಾಂಟಾನ ಪೊದೆ ಒಳಗೆ, ಹಳೇ ಅಗಳಿನ (ಗಡಿ ಕಂದಕದ) ಮಣ್ಣಿನ ಕೆಳಗೆ ಎರಡಡಿ ಆಳದಲ್ಲಿ. ನಮ್ಮ ಆಳು ಹಾರೆ ಹಾಕ್ದಾಗ ಠಣ್ ಅಂತು, ಮಣ್ಣು ಬಿಡಿಸಿದ್ರೆ ಪಾಚಿ ಹಿಡಿದ ಕಲ್ಲು, ನೆತ್ತಿ ಮೇಲೆ ಗೀರು ಇನ್ನೂ ಹಂಗೇ ಇತ್ತು. ಅಲ್ಲಿಂದ ಅಳೆದ್ರೆ ಮೊದಲನೇ ಸರ್ವೆಯರ್ ಹಾಕಿದ್ದ ಗೀಟಿಗೂ ಇದಕ್ಕೂ ಬರೀ ನಾಲ್ಕು ಇಂಚು ವ್ಯತ್ಯಾಸ. ಅಲ್ಲಿಗೆ ನನ್ನ ವಾದ ಮುಗೀತು.

ತಪ್ಪಾಗಿದ್ದು ಹೆಂಗೆ ಅಂತಾನೂ ಅವತ್ತೇ ಗೊತ್ತಾಯ್ತು. ಬೇಲಿ ಪಕ್ಕ ಒಂದು ದೊಡ್ಡ ಹಲಸಿನ ಮರ ಇದೆ, ಹಣ್ಣಿನ ಕಾಲಕ್ಕೆ ಆನೆ ಬಂದು ಬೇಲಿ ಮುರಿಯೋದು, ನಾವು ಮತ್ತೆ ಕಟ್ಟೋದು, ಕಟ್ಟುವಾಗ ಹಳೇ ಗುಂಡೀಲಿ ಕೊಳೆತ ಗೂಟ ಕೀಳೋ ಬದ್ಲು ಪಕ್ಕದಲ್ಲಿ ಹೊಸಾ ಗುಂಡಿ ತೆಗೆಯೋದು. ಪಕ್ಕ ಅಂದ್ರೆ ಯಾವಾಗ್ಲೂ ಆಚೆ ಪಕ್ಕ. ಹಿಂಗೆ ಬೇಲಿ ವರ್ಷ ವರ್ಷ ನಡ್ಕೊಂಡು ಹೋಗಿದೆ, ಅಪ್ಪ ಆ ಬೇಲಿ ನೋಡಿ ಪಾಯ ತೋಡ್ಸಿದ್ರು.

ಹಾಸನದ ಲಾಯರ್ ಹತ್ರನೂ ಹೋಗಿದ್ದೆ. ಮುಚ್ಚಿಡೋದ್ಯಾಕೆ, ಹೋಗಿದ್ದೇ 12 ವರ್ಷದ ಕಾನೂನು ಇದ್ಯಲ್ಲ ಅಂತ, ಬೇರೆಯವ್ರ ಜಾಗನ ಅವ್ರಿಗೆ ವಿರುದ್ಧವಾಗಿ 12 ವರ್ಷ ಬಹಿರಂಗವಾಗಿ ಇಟ್ಕೊಂಡಿದ್ರೆ ನಮ್ದಾಗುತ್ತೆ ಅನ್ನೋದು. ಇದೆ, 1963ರ ಲಿಮಿಟೇಶನ್ ಕಾಯ್ದೆ, 65ನೇ ಆರ್ಟಿಕಲ್ಲು. ಹಂಗೆ ಸ್ವಾಧೀನದಲ್ಲಿ ಇರೋರು ತಾವೇ ಕೇಸ್ ಹಾಕ್ಬೋದು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆದ್ರೆ ಲಾಯರ್ ಒಂದೇ ಪ್ರಶ್ನೆ ಕೇಳಿದ್ರು: "ಇದು ಅವರ ಜಾಗ, ಆದ್ರೂ ನಾವು ಬಿಡಲ್ಲ ಅಂತ ಕಟ್ಟಿದ್ರಾ, ನಮ್ದೇ ಅನ್ಕೊಂಡು ಕಟ್ಟಿದ್ರಾ?" ನಮ್ದೇ ಅನ್ಕೊಂಡು ಅಂದೆ. ಹಂಗಾದ್ರೆ ಕೋರ್ಟಲ್ಲಿ ಕಷ್ಟ, ರುಜುವಾತು ಪೂರ್ತಿ ನಿಮ್ ತಲೆ ಮೇಲೆ, ವರ್ಷಗಟ್ಲೆ ಅಲೀತೀರ, ಮೂರೂವರೆ ಆಣೆಗೆ ಬೇಕಾ ಅಂದ್ರು.

ಗೌಡ್ರು ಪಾಪ ಒಳ್ಳೇ ಮನುಷ್ಯ. "ಇರ್ಲಿ ಬಿಡು ಮಾರಾಯ, ನಾನಿರೋ ತನಕ ಯಾರು ಕೇಳ್ತಾರೆ, ಬಾಯ್ಮಾತು ಸಾಕು" ಅಂದ್ರು. ಕಾಫಿ ಕುಡೀತಾ ಹೂಂ ಅಂದ್ಬಿಡೋನಿದ್ದೆ. ಆದ್ರೆ ಅವ್ರ ಮಾತಲ್ಲೇ ಇತ್ತಲ್ಲ, ನಾನಿರೋ ತನಕ ಅಂತ. ಗೌಡ್ರಿಗೆ ಎಪ್ಪತ್ತೆರಡು, ಮಗ ಬೆಂಗಳೂರಲ್ಲಿ. ಅದಲು ಬದಲು ಮಾಡ್ಕೊಳ್ಳೋಣ, ನಾನು ಕೆಳಗಡೆ ಅಷ್ಟೇ ಜಾಗ ಬಿಡ್ತೀನಿ ಅಂದ್ರೆ ಅದೂ ರಿಜಿಸ್ಟರ್ ಆಗ್ಲೇಬೇಕು, ಜಮೀನು ಬಾಯ್ಮಾತಲ್ಲಿ ಕೈ ಬದಲಾಗಲ್ಲ, ಅದಕ್ಕೆ ಮತ್ತೆ ನಕ್ಷೆ, ಪೋಡಿ (ಸರ್ವೆ ನಂಬರ್ ಒಡೆದು ಬೇರೆ ಮಾಡೋದು), ಅವ್ರ ತಮ್ಮನ ಸಹಿ. ತಮ್ಮ ಅಣ್ಣನ ಹತ್ರನೇ ಮಾತಾಡ್ತಿರ್ಲಿಲ್ಲ ಆಗ. ಕೊನೆಗೆ ನಾನೇ ಹೇಳ್ದೆ, "ಗೌಡ್ರೆ, ರೋಬಸ್ಟಾ ಕುಯ್ಲು ಮುಗಿಸ್ಕೊಳ್ಳೋಕೆ ಬಿಡಿ, ಮೇ ಕೊನೆಯೊಳಗೆ ಎತ್ಬಿಡ್ತೀನಿ."

ಅದನ್ನ ಬಾಂಡ್ ಪೇಪರಲ್ಲಿ ಬರ್ದು ಸಹಿ ಹಾಕಿದ್ವಿ: ಈ ಭಾಗ ಅವ್ರದು, ಮೇ ತನಕ ಅವ್ರ ಒಪ್ಪಿಗೆ ಮೇಲೆ ಇಟ್ಕೊಂಡಿದೀನಿ, ನಾನೇ ತೆಗೀತೀನಿ. ಸಹಿ ಮಾಡೋಕೆ ಮುಂಚೆ ಲಾಯರ್ ಎಚ್ಚರಿಸಿದ್ರು, ಒಪ್ಪಿಗೆ ತಗೊಂಡು ಇದೀನಿ ಅಂತ ಬರ್ಕೊಟ್ಮೇಲೆ 12 ವರ್ಷದ ಮಾತು ಎತ್ತೋ ಹಂಗಿಲ್ಲ ಅಂತ. ಗೊತ್ತಿದ್ದೇ ಹಾಕ್ದೆ. ಕೇಸ್ ಆಡೋ ಮನಸ್ಸಿರೋರು ಇಂಥ ಕಾಗದ ಬರೆಯೋಕೆ ಮುಂಚೆ ಯೋಚ್ನೆ ಮಾಡಿ.

ಏಪ್ರಿಲಲ್ಲಿ ಬಿಚ್ಚೋಕೆ ಶುರು. ಹೆಂಚಿನ ಕೆಳಗಿನ ಮರಗಳು, ಪಕ್ಕಾಸು, ರೀಪು ಎಲ್ಲಕ್ಕೂ ಪೇಂಟಲ್ಲಿ ನಂಬರ್ ಹಾಕಿ ಫೋಟೋ ತೆಗೆದಿಟ್ಕೊಂಡೆ, ಇಲ್ದಿದ್ರೆ ಮತ್ತೆ ಜೋಡ್ಸುವಾಗ ಬಡಗಿ ನನ್ನ ಕೊಂದೇ ಹಾಕ್ತಿದ್ದ. ಹೆಂಚು ಸಾವಿರದ ಹತ್ರ ಇತ್ತು, ಏಣಿ ಹಾಕಿ ಸಾಲಾಗಿ ನಿಂತು ಕೈಯಿಂದ ಕೈಗೆ ಇಳಿಸಿದ್ವಿ, ಎಪ್ಪತ್ತು ಚಿಲ್ಲರೆ ಒಡೀತು, ಅದ್ರಲ್ಲಿ ಅರ್ಧ ನನ್ನ ಕೈಯಿಂದ್ಲೇ. ಹೊಸಾ ಗೋಡೆನ ಕಲ್ಲಿಂದ ಆರಡಿ ಒಳಗೆ ತಗೊಂಡೆ, ಅದಕ್ಕೆ ಒಂದು ಡಜನ್ ಕಾಫಿ ಗಿಡ ಕಿತ್ತಿದ್ದಾಯ್ತು. ಆರಡಿ ಯಾಕೆ ಅಂದ್ರೆ ಸೂರು ಎರಡಡಿ ಆಚೆ ಚಾಚುತ್ತೆ, ಅದ್ರ ನೀರು ನಮ್ ಜಾಗದಲ್ಲೇ ಬಿದ್ದು ಚರಂಡಿ ಹಿಡೀಬೇಕು, ಗೋಡೆಗೆ ಸುಣ್ಣ ಹೊಡೆಯೋಕೆ ಏಣಿ ಇಡೋ ಜಾಗನೂ ನಮ್ದೇ ಆಗಿರ್ಬೇಕು. ಗಡಿ ಮುಟ್ಟೋ ಹಂಗೆ ಗೋಡೆ ಕಟ್ಟಿ ಆಷಾಢದಲ್ಲಿ ಪಕ್ಕದವ್ರ ಗಿಡಕ್ಕೆ ಸೂರಿನ ನೀರು ಬಿಟ್ರೆ ಇನ್ನೊಂದು ಜಗಳ. ಒಟ್ಟು ಖರ್ಚು ಒಂದೂಕಾಲು ಲಕ್ಷ ಆಯ್ತು, ಜಾಸ್ತಿ ಹೋಗಿದ್ದು ಕೂಲಿಗೆ. ಸಿಕ್ಕಿದ ಬಾಂದುಕಲ್ಲಿಗೆ ಸುತ್ತ ಕಾಂಕ್ರೀಟ್ ಹಾಕಿ ಕೆಂಪು ಬಣ್ಣ ಹೊಡ್ದಿದೀನಿ.

ಉಳಿದಿದ್ದು ಸಿಮೆಂಟ್ ನೆಲ. ಅವ್ರ ಕಡೆ ಇರೋ ಭಾಗ ಒಡೆಸ್ತೀನಿ ಅಂದ್ರೆ ಗೌಡ್ರ ಹೆಂಡ್ತಿ ಬೇಡ ಬಿಡು, ಮೆಣಸು ಒಣಗಿಸೋಕೆ ಆಗುತ್ತೆ ಅಂದ್ರು. ಮುಂದಿನ ಫೆಬ್ರವರೀಲಿ ಅಲ್ಲೇ ಮೆಣಸು ಹರವಿದ್ರು, ನಾನ್ ಎಳೆದಿದ್ದ ಸುಣ್ಣದ ಗೀಟು ಅಷ್ಟೊತ್ತಿಗೆ ಮಾಸಿತ್ತು. ಸಾಯಂಕಾಲ ಗೌಡ್ರು ಅಲ್ಲಿಂದ್ಲೇ ಕೂಗಿದ್ರು, "ಏ ಮಾರಾಯ, ನಿಮ್ಮಪ್ಪ ಹಾಕ್ಸಿದ ನೆಲ ಬಿರುಕು ಬಿಟ್ಟಿದೆ, ಸಂದೀಲಿ ಮೆಣಸು ಹೋಗ್ತಿದೆ, ಒಂದ್ ಬಾಂಡ್ಲಿ ಸಿಮೆಂಟ್ ಕಲಸ್ಕೊಂಡ್ ಬಾ."